ಕಿಟ್ ಹಂಚಿದ ಹುಡುಗರನ್ನು ಯಾರೂ ವಿಚಾರಿಸಲಿಲ್ಲ

2020ರ ಏಪ್ರಿಲ್ 11ರ ರಾತ್ರಿ. ಈಸ್ಟರ್ ಜಾಗರಣೆಯ ಪೂಜೆ. ಅವತ್ತು ನಮ್ಮ ಚರ್ಚಿನೊಳಗೆ ಇದ್ದದ್ದು ನಾಲ್ಕೇ ಜನ: ಫಾದರ್, ವಾಚನ ಓದಲು ಒಬ್ಬರು ಸಿಸ್ಟರ್, ಕೀಬೋರ್ಡ್ ನುಡಿಸುವವನೊಬ್ಬ, ಮತ್ತೆ ಟ್ರೈಪಾಡ್ ಮೇಲೆ ಮೊಬೈಲ್ ಇಟ್ಟು ಯೂಟ್ಯೂಬಿಗೆ ಲೈವ್ ಬಿಡುತ್ತಿದ್ದ ಒಬ್ಬ ಹುಡುಗ. ನಾವೆಲ್ಲ ಮನೆಯಲ್ಲಿ ಮೇಣದಬತ್ತಿ ಹಚ್ಚಿಕೊಂಡು ಕೂತು ನೋಡಿದೆವು. ನಡುವೆ ಸೌಂಡ್ ಹೋಯಿತು. ಕಮೆಂಟಿನಲ್ಲಿ ಗೊಣಗಾಟ ಶುರು. ಪೂಜೆ ಮುಗಿದ ಮೇಲೆ ವಾಟ್ಸಾಪ್ ಗ್ರೂಪಿನಲ್ಲಿ 'ಮುಂದಿನ ವಾರ ಒಳ್ಳೇ ಮೈಕ್ ಇಡಪ್ಪಾ' ಅಂತ ಹತ್ತು ಮಂದಿ ಬರೆದರು. ನಾನೂ ಬರೆದೆ.

ಆ ಹುಡುಗನಿಗೆ 24 ವರ್ಷ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ. ಜನತಾ ಕರ್ಫ್ಯೂಗೆ ಎರಡು ದಿನ ಮೊದಲು ರಾತ್ರಿ ಬಸ್ಸು ಹಿಡಿದು ಊರಿಗೆ ಬಂದಿದ್ದ. ಈಸ್ಟರಿಗೆ ಒಂದು ವಾರ ಇದೆ ಅನ್ನುವಾಗ ಹೋಟೆಲಿನವರು 'ಸದ್ಯಕ್ಕೆ ಬರಬೇಡಿ' ಎಂದು ಮೆಸೇಜ್ ಹಾಕಿದ್ದರು. ಸದ್ಯಕ್ಕೆ ಅಂದರೆ ಏನು ಅಂತ ಅವನಿಗೆ ಗೊತ್ತಾಗಿತ್ತು. ಮನೆಯಲ್ಲಿ ಹೇಳಿರಲಿಲ್ಲ. ನಾನು ಆಗ ನಮ್ಮ ಚರ್ಚಿನ ಐಸಿವೈಎಂ (ಕಥೋಲಿಕ ಯುವಜನರ ಸಂಘಟನೆ) ಘಟಕದ ಸಚೇತಕ, ಅಂದರೆ ಹುಡುಗರಿಗೆ ದಾರಿ ತೋರುವ ಹಿರಿಯ. ವಾರಕ್ಕೆ ಮೂರು ಸಲ ಅವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ, ಕೇಬಲ್ ಬಗ್ಗೆ, ಡೇಟಾ ಪ್ಯಾಕ್ ಬಗ್ಗೆ, ಶುಭ ಶುಕ್ರವಾರದ ಕ್ಯಾಮೆರಾ ಎಲ್ಲಿಡಬೇಕು ಎನ್ನುವ ಬಗ್ಗೆ. ಅವನ ಕೆಲಸ ಹೋದ ಸುದ್ದಿ ನನಗೆ ತಿಳಿದದ್ದು ಆಗಸ್ಟಿನಲ್ಲಿ. ಅದೂ ಬೇರೆಯವರ ಬಾಯಿಂದ.

ಈಗ ಯಾಕೆ ಈ ಕಥೆ? ಯಾಕೆಂದರೆ ಮಂಗಳೂರು, ಉಡುಪಿ ಕಡೆಯ ಚರ್ಚುಗಳ ಪಾಲನಾ ಮಂಡಳಿ ಸಭೆಗೆ ಹೋಗಿ ಕೂತರೆ ಅರ್ಧ ಗಂಟೆಯೊಳಗೆ ಒಂದು ಮಾತು ಬಂದೇ ಬರುತ್ತದೆ: ಯುವಕರು ಚರ್ಚಿಗೆ ಬರುವುದಿಲ್ಲ. ಮೊಬೈಲ್ ಕಾರಣ, ರೀಲ್ಸ್ ಕಾರಣ, ಬೆಂಗಳೂರು ಕಾರಣ, ವಿದೇಶ ಕಾರಣ. ಇರಬಹುದು. ಆದರೆ 2020ರಲ್ಲಿ 19ರಿಂದ 25 ವರ್ಷದ ಒಳಗಿದ್ದ ಆ ತಂಡ ಎಲ್ಲಿ ಹೋಯಿತು ಎಂದು ನಾನು ಒಬ್ಬೊಬ್ಬರ ಹೆಸರು ಹಿಡಿದು ಯೋಚಿಸಿದರೆ ಉತ್ತರ ಬೇರೆಯೇ ಸಿಗುತ್ತದೆ. ಆ ಎರಡು ವರ್ಷ ನಾವು ಅವರಿಂದ ತುಂಬಾ ಕೆಲಸ ಮಾಡಿಸಿದೆವು. ಅದನ್ನೇ 'ಯುವಜನರಿಗೆ ಬೆಂಬಲ' ಎಂದು ವರದಿಯಲ್ಲಿ ಬರೆದುಕೊಂಡೆವು. ಅವರನ್ನು ನೋಡಿಕೊಳ್ಳುವ ಕೆಲಸ ಮಾತ್ರ ಯಾರೂ ಮಾಡಲಿಲ್ಲ.

ಇದು ಫಾದರ್ ಒಬ್ಬರ ತಪ್ಪಲ್ಲ, ಸಚೇತಕ ಒಬ್ಬನ ತಪ್ಪೂ ಅಲ್ಲ. ಚರ್ಚಿನ ವ್ಯವಸ್ಥೆಯೇ ಹಾಗಿದೆ. ಚರ್ಚ್ ಆಫೀಸಿನ ಕಪಾಟು ತೆಗೆದು ನೋಡಿ. ಜ್ಞಾನಸ್ನಾನದ ಪುಸ್ತಕ ಇದೆ. ಪ್ರಥಮ ಪರಮಪ್ರಸಾದದ ಪಟ್ಟಿ ಇದೆ. ದೃಢೀಕರಣದ, ಅಂದರೆ ನಂಬಿಕೆ ಗಟ್ಟಿ ಮಾಡುವ ಸಂಸ್ಕಾರದ ಪುಸ್ತಕ ಇದೆ. ಆಮೇಲೆ ಮದುವೆಯ ಪುಸ್ತಕ, ಮರಣದ ಪುಸ್ತಕ. ದೃಢೀಕರಣ ಹೈಸ್ಕೂಲಿನ ಹೊತ್ತಿಗೆ ಆಗಿಹೋಗುತ್ತದೆ. ಮದುವೆ ಈಗ 28, 30, 32. ಈ ಎರಡರ ನಡುವೆ ಹತ್ತು ಹದಿನೈದು ವರ್ಷ ಒಬ್ಬ ಮನುಷ್ಯ ಬದುಕಿದ್ದಾನೆ ಎನ್ನುವುದಕ್ಕೆ ಕಪಾಟಿನಲ್ಲಿ ಒಂದು ಸಾಲಿನ ದಾಖಲೆಯೂ ಇಲ್ಲ. ಓದು, ಕೆಲಸ, ಮನೆ ಬಿಟ್ಟು ಹೋಗುವುದು, ಪ್ರೀತಿ, ಸಾಲ, ಎಲ್ಲ ಆಗುವುದು ಇದೇ ಹತ್ತು ವರ್ಷದಲ್ಲಿ, ಅಲ್ವಾ?

ಮಕ್ಕಳಿಗೆ ನಮ್ಮ ಕಡೆ ದೊತೊರ್ನ್ ಅನ್ನುವ ಕ್ರೈಸ್ತ ಶಿಕ್ಷಣದ ಕ್ಲಾಸಿದೆ, ಟೀಚರ್ ಇದ್ದಾರೆ, ಹಾಜರಿ ಇದೆ. ಶಾಲಾ ಮಕ್ಕಳಿಗೆ ವೈಸಿಎಸ್ ಎನ್ನುವ ವಿದ್ಯಾರ್ಥಿ ಸಂಘ ಇದೆ. ಮದುವೆಯಾದ ಹೆಂಗಸರಿಗೆ ಸ್ತ್ರೀ ಸಂಘಟನೆ, ದೊಡ್ಡವರಿಗೆ ಕಥೊಲಿಕ್ ಸಭಾ. ನಡುವಿನವರಿಗೆ ಐಸಿವೈಎಂ ಇದೆ, ನಿಜ. ಆದರೆ ಹೆಚ್ಚಿನ ಕಡೆ ಅದು ಹಬ್ಬಕ್ಕೆ ತೋರಣ ಕಟ್ಟುವ, ಕ್ರಿಸ್ಮಸ್ ಗೋದಲಿ ಮಾಡುವ, ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ಕಬ್ಬು ಹಂಚುವ ತಂಡ. ಪಾರ್ಕಿಂಗಿಗೂ ಅವರೇ. 2019ರ ಮಾರ್ಚ್ 25ರಂದು ಪೋಪ್ ಫ್ರಾನ್ಸಿಸ್ ಯುವಜನರಿಗಾಗಿಯೇ ಬರೆದ ಪತ್ರಕ್ಕೆ ಸಹಿ ಹಾಕಿದರು. ನೀವು ದೇವರ 'ನಾಳೆ' ಅಲ್ಲ, 'ಇವತ್ತು' ಎನ್ನುವ ಅರ್ಥದ ಮಾತು ಅದರಲ್ಲಿದೆ. ಸರಿಯಾಗಿ ಒಂದು ವರ್ಷಕ್ಕೆ, 2020ರ ಮಾರ್ಚ್ 25ಕ್ಕೆ, ದೇಶ ಬಾಗಿಲು ಹಾಕಿಕೊಂಡಿತು. ನಮಗೆ ಸಿಕ್ಕ 'ಇವತ್ತು' ಅದು. ತೋರಣ ಕಟ್ಟುವುದಕ್ಕೆ ಇದ್ದ ತಂಡವನ್ನೇ ದಿನಸಿ ಕಿಟ್ ಕಟ್ಟುವುದಕ್ಕೆ ಹಾಕಿದೆವು.

ಹೊರಗಿನಿಂದ ನೋಡುವವರಿಗೆ ಆ ವಯಸ್ಸಿಗೆ ಕೋವಿಡ್ ಅಷ್ಟೇನೂ ಅಪಾಯ ಅಲ್ಲ ಅನ್ನಿಸಿತ್ತು. ರೋಗದ ಮಟ್ಟಿಗೆ ಅದು ಸುಮಾರಾಗಿ ಸರಿ. ಉಳಿದದ್ದರಲ್ಲಿ ಹೊಡೆತ ತಿಂದದ್ದು ಅವರೇ. ಉದ್ಯೋಗದ ಅಂಕಿಅಂಶ ಸಂಗ್ರಹಿಸುವ ಸಿಎಂಐಇ ಸಂಸ್ಥೆಯ ಅಂದಾಜಿನಲ್ಲಿ 2020ರ ಏಪ್ರಿಲ್ ಒಂದೇ ತಿಂಗಳಲ್ಲಿ ದೇಶದಲ್ಲಿ 20ರಿಂದ 30 ವರ್ಷದೊಳಗಿನ ಸುಮಾರು 2.7 ಕೋಟಿ ಜನ ಕೆಲಸ ಕಳೆದುಕೊಂಡರು. ಕರಾವಳಿಯ ಕ್ರೈಸ್ತ ಮನೆಗಳಿಗೆ ಇದು ಇನ್ನೂ ಒಂದು ಸುತ್ತು ಹೆಚ್ಚು ತಾಗಿತು. ಯಾಕೆಂದರೆ ನಮ್ಮ ಹುಡುಗ ಹುಡುಗಿಯರು ಹೋಗುವ ದಾರಿಗಳೇ ಕೆಲವು: ಹೋಟೆಲು, ಗಲ್ಫ್, ಹಡಗು, ನರ್ಸಿಂಗ್. ಮೊದಲ ಮೂರು ಒಂದೇ ಸಲ ಮುಚ್ಚಿಹೋದವು. ನಾಲ್ಕನೆಯದು ಉರಿಯುವ ಒಲೆಯೇ ಆಯಿತು.

ವಿದೇಶದಲ್ಲಿ ಸಿಲುಕಿದವರನ್ನು ಕರೆತರುವ ವಂದೇ ಭಾರತ್ ಯೋಜನೆಯ ಮೊದಲ ವಿಮಾನ ದುಬೈಯಿಂದ ಮಂಗಳೂರಿಗೆ ಇಳಿದದ್ದು 2020ರ ಮೇ 12ಕ್ಕೆ. ಅದಕ್ಕೆ ಮೊದಲು ಗಲ್ಫಿನಿಂದ ಮಗ ಬರುತ್ತಾನೆ ಅಂದರೆ ಇಡೀ ವಾಳೆಗೆ, ಅಂದರೆ ಚರ್ಚಿನ ವಾರ್ಡಿಗೆ, ಸಂಭ್ರಮ. ಆ ಮೇ ತಿಂಗಳಲ್ಲಿ ಗಲ್ಫಿನಿಂದ ಮಗ ಬರುತ್ತಾನೆ ಅಂದರೆ ಪಕ್ಕದ ಮನೆಯವರು ಪಂಚಾಯಿತಿಗೆ ಫೋನ್ ಮಾಡುತ್ತಿದ್ದರು. ಕ್ವಾರಂಟೈನ್ ಮುಗಿಸಿ ಬಂದ ಒಬ್ಬನಿಗೆ ನಮ್ಮ ಊರಿನಲ್ಲೇ ಅಂಗಡಿಯವನು ಹಾಲು ಕೊಡಲಿಲ್ಲ. ಚರ್ಚಿಗೆ ಬರುವ ಜನರೇ ಅವನ ಮನೆಯ ಗೇಟಿನ ಎದುರು ದಾರಿ ಬದಲಿಸಿದರು. ಅದರ ಹಿಂದಿನ ವರ್ಷ ಚರ್ಚಿನ ಹಬ್ಬದ ಸೌಂಡ್ ಸಿಸ್ಟಮ್ಮಿಗೆ ದುಡ್ಡು ಕೊಟ್ಟವನು ಅವನೇ ಎನ್ನುವುದನ್ನು ಇಲ್ಲಿ ಸುಮ್ನೆ ಸೇರಿಸಿದ್ದೇನೆ.

ನರ್ಸುಗಳ ಕಥೆ ಹೇಳಲೇಬೇಕು. 22, 23 ವರ್ಷ. ನರ್ಸಿಂಗ್ ಮುಗಿಸಿ ಮೊದಲ ಕೆಲಸ. ಪಿಪಿಇ ಕಿಟ್ ಹಾಕಿಕೊಂಡರೆ ಆರು ಗಂಟೆ ನೀರು ಕುಡಿಯುವ ಹಾಗಿಲ್ಲ, ಬಾತ್‌ರೂಮಿಗೆ ಹೋಗುವ ಹಾಗಿಲ್ಲ. ಪಿಜಿ ಮಾಲೀಕರು 'ಬೇರೆ ಕಡೆ ನೋಡ್ಕೊಳ್ಳಿ' ಅಂದವರಿದ್ದಾರೆ. ಊರಿಗೆ ಬಂದರೆ ಮನೆಯಲ್ಲಿ ಅಜ್ಜಿ, ಹಾಗಾಗಿ ಬರುವ ಹಾಗಿಲ್ಲ. ನಮ್ಮ ಘಟಕದಲ್ಲೇ ಇದ್ದ ಒಬ್ಬಳು 2021ರ ಮೇ ತಿಂಗಳಲ್ಲಿ ಒಂದೇ ಪಾಳಿಯಲ್ಲಿ ನಾಲ್ಕು ಸಾವು ನೋಡಿದಳು. ಅದರಲ್ಲಿ ಒಬ್ಬರು ಅವಳ ಶಾಲೆಯ ಟೀಚರ್. ಆ ಭಾನುವಾರ ನಾವು ಆನ್‌ಲೈನ್ ಪೂಜೆಯಲ್ಲಿ 'ಆರೋಗ್ಯ ಕಾರ್ಯಕರ್ತರಿಗಾಗಿ' ಎಂದು ಪ್ರಾರ್ಥಿಸಿದೆವು. ಅದು ಸರಿಯೇ. ಆದರೆ ಅವಳ ಹೆಸರು ನಮ್ಮ ಬಳಿ ಇತ್ತು, ನಂಬರ್ ಇತ್ತು. ಅವಳು ಮೂರು ವರ್ಷದ ಮೇಲೆ ನನಗೆ ಹೇಳಿದ್ದು: 'ಅಂಕಲ್, ನಂಗೆ ಆವಾಗ ಯಾರೂ ಪ್ರಾರ್ಥನೆ ಮಾಡ್ತೇವೆ ಅನ್ನೋದು ಬೇಡ ಆಗಿತ್ತು. ಊಟ ಆಯ್ತಾ ಅಂತ ಕೇಳುವವರು ಬೇಕಿತ್ತು.'

ಮದುವೆಗಳ ವಿಷಯ ಬೇಗ ಮುಗಿಸುತ್ತೇನೆ. ಎರಡು ವರ್ಷ ಮದುವೆಗಳು ಮುಂದೆ ಹೋದವು, 50 ಜನರ ಮಿತಿ ಬಂತು, ಮದುವೆಗೆ ಮುಂಚಿನ ರೋಸ್ ಶಾಸ್ತ್ರಕ್ಕೆ ತೆಂಗಿನಹಾಲು ಹಿಂಡಲು ಬರುವ ಚಿಕ್ಕಮ್ಮಂದಿರೇ 50 ದಾಟುವ ಮನೆಗಳಲ್ಲಿ ಯಾರನ್ನು ಬಿಡುವುದು ಎಂದು ಜಗಳವಾದದ್ದು ಇನ್ನೂ ಮುಗಿದಿಲ್ಲ. ಸಾಲ ಮಾಡದೆ ಮದುವೆ ಮುಗಿಸಿದ ಕೆಲವು ಜೋಡಿಗಳು ಮಾತ್ರ ಒಳಗೊಳಗೇ ಕೋವಿಡ್‌ಗೆ ಕೈಮುಗಿದವು.

ಇನ್ನು ಸೇವೆ. ಇಲ್ಲೇ ನನ್ನ ತಕರಾರು ಇರುವುದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ನೋಡಿದ್ದೀರಲ್ಲ. ಇಟಲಿಯಿಂದ ಬಂದ ಯೇಸುಸಭೆಯ ಬ್ರದರ್ ಅಂತೋನಿಯೊ ಮೊಸ್ಕೆನಿ ನೂರಿಪ್ಪತ್ತು ವರ್ಷಗಳ ಹಿಂದೆ ಗೋಡೆ, ಚಾವಣಿ ತುಂಬಾ ಚಿತ್ರ ಬರೆದದ್ದು. ಪ್ರವಾಸಿಗಳು ಕತ್ತು ಎತ್ತಿ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಅಲ್ಲಿ ಸಂತ ಅಲೋಶಿಯಸ್ ಗೊನ್ಜಾಗನ ಬದುಕೂ ಇದೆ. ಯುವಜನರ ಪಾಲಕ ಸಂತ ಅವನು. ಸತ್ತದ್ದು 1591ರ ಜೂನ್ 21ಕ್ಕೆ, ರೋಮಿನಲ್ಲಿ, 23ನೇ ವಯಸ್ಸಿಗೆ. ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ ಸೋಂಕು ತಗಲಿ ಹೋದ. ಈ ಕಥೆಯನ್ನು ನಾವು ಮಕ್ಕಳಿಗೆ ತ್ಯಾಗದ ಕಥೆ ಎಂದು ಹೇಳುತ್ತೇವೆ. ಅದರಲ್ಲಿ ಒಂದು ಭಾಗವನ್ನು ಬಿಟ್ಟು ಹೇಳುತ್ತೇವೆ. ಹಿರಿಯರು ಅವನನ್ನು ಪ್ಲೇಗ್ ಆಸ್ಪತ್ರೆಗೆ ಮತ್ತೆ ಹೋಗದಂತೆ ತಡೆದಿದ್ದರು. ಹಟ ಹಿಡಿದ ಮೇಲೆ, ಸಾಂಕ್ರಾಮಿಕ ರೋಗಿಗಳನ್ನು ಸೇರಿಸಿಕೊಳ್ಳದ ಬೇರೊಂದು ಆಸ್ಪತ್ರೆಗೆ ಮಾತ್ರ ಬಿಟ್ಟರು. ಅಲ್ಲಿ ಅವನು ಎತ್ತಿ ಮಲಗಿಸಿದ ಒಬ್ಬ ರೋಗಿಗೆ ಪ್ಲೇಗ್ ಇತ್ತು. ಅಂದರೆ ನಾಲ್ಕು ನೂರು ವರ್ಷಗಳ ಹಿಂದೆಯೇ, ಸೂಕ್ಷ್ಮಾಣುವಿನ ಹೆಸರೂ ಗೊತ್ತಿಲ್ಲದ ಕಾಲದಲ್ಲಿ, ಒಬ್ಬ ಹುಡುಗನ ಹುಮ್ಮಸ್ಸನ್ನು ಹತೋಟಿಯಲ್ಲಿಡುವುದು ಹಿರಿಯರ ಕೆಲಸ ಎಂದು ಅವರಿಗೆ ಅನ್ನಿಸಿತ್ತು. ನಮ್ಮ ಕಡೆ 2020ರಲ್ಲಿ 'ಯುವಕರು ಮುಂದೆ ಬರಬೇಕು' ಎಂದು ಮೈಕಿನಲ್ಲಿ ಕೂಗಿದವರಿದ್ದರು. ಯಾರು ಬರಬಾರದು ಎಂದು ಹೇಳಿದವರು ತೀರಾ ಕಡಿಮೆ.

ಕರಾವಳಿಯ ಚರ್ಚಿಗೆ ರೋಗದ ಕಾಲ ಹೊಸತಲ್ಲ. ಕಂಕನಾಡಿಯಲ್ಲಿ 1880ರಲ್ಲಿ ಹೋಮಿಯೋಪತಿ ಔಷಧ ಕೊಡುತ್ತಾ ಶುರು ಮಾಡಿದ ಫಾದರ್ ಅಗಸ್ಟಸ್ ಮುಲ್ಲರ್ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು, 1902ರಲ್ಲಿ ಪ್ಲೇಗಿಗೆ ಆಸ್ಪತ್ರೆ ತೆರೆದರು. ಕಟ್ಟಡ ಕಟ್ಟುವುದು, ಔಷಧ ಕೊಡುವುದು, ಅಕ್ಕಿ ಹಂಚುವುದು ನಮಗೆ ಚೆನ್ನಾಗಿ ಬರುತ್ತದೆ. 2020ರಲ್ಲೂ ಬಂತು. ಐದು ಕಿಲೋ ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಚಹಾಪುಡಿ. ಜಾತಿ ಧರ್ಮ ನೋಡದೆ ಹಂಚಿದರು, ಅದರಲ್ಲಿ ಎರಡು ಮಾತಿಲ್ಲ. ಬೈಕಿನಲ್ಲಿ ಕಿಟ್ ಹೊತ್ತು ಗುಡ್ಡ ಹತ್ತಿದವರು ಹುಡುಗರೇ.

ಆಮೇಲೆ ಬಂದದ್ದು ಹೆಣಗಳು. 2020ರ ಏಪ್ರಿಲಿನಲ್ಲಿ ಚೆನ್ನೈಯಲ್ಲಿ ಡಾ. ಸೈಮನ್ ಹರ್ಕ್ಯುಲಿಸ್ ಎನ್ನುವ ನರರೋಗ ಶಸ್ತ್ರಚಿಕಿತ್ಸಕರು ಕೋವಿಡ್‌ನಿಂದ ತೀರಿಕೊಂಡಾಗ ಅವರನ್ನು ಹೂಳಲು ಹೋದವರ ಮೇಲೆ ಕಲ್ಲು ಬಿತ್ತು. ಮಂಗಳೂರಿನಲ್ಲೂ ಅದೇ ತಿಂಗಳು ಒಂದು ಹೆಣವನ್ನು ಸುಡಲು ಜಾಗ ಬಿಡದೆ ಊರಿಂದೂರಿಗೆ ತಿರುಗಿಸಿದ್ದು ಮರೆಯುವ ಸಂಗತಿಯಲ್ಲ. 2021ರ ಎರಡನೇ ಅಲೆಯಲ್ಲಿ ಬೆಂಗಳೂರು ಮಹಾಧರ್ಮಪ್ರಾಂತ್ಯದ ಸ್ವಯಂಸೇವಕರು ಸ್ಮಶಾನಗಳಲ್ಲಿ ನಿಂತು ಹೂಳುವ ಕೆಲಸಕ್ಕೆ ಕೈಹಾಕಿದರು. ಅವರಲ್ಲಿ ಕಾಲೇಜು ಓದುವ ಹುಡುಗಿಯರೂ ಇದ್ದರು. ಪರೀಕ್ಷೆಗೆ ಓದಬೇಕಾದ ವಯಸ್ಸಿನಲ್ಲಿ ಪಿಪಿಇ ತೊಟ್ಟು, ಹಗ್ಗ ಹಿಡಿದು, ಪರಿಚಯವೇ ಇಲ್ಲದವರ ಪೆಟ್ಟಿಗೆ ಗುಂಡಿಗೆ ಇಳಿಸಿದರು. ಅವರ ಬಗ್ಗೆ ನನಗೆ ಬರೀ ಗೌರವ.

ನನ್ನ ಪ್ರಶ್ನೆ ಅವರನ್ನು ಕಳಿಸಿದ ನಮಗೆ. ನಮ್ಮಲ್ಲೂ ಆರು ಹುಡುಗರು ಹೋಗುತ್ತಿದ್ದರು. ಹೋಗುವ ಮುಂಚೆ ಯಾರ ಮನೆಯಲ್ಲಿ ವಯಸ್ಸಾದವರಿದ್ದಾರೆ, ಯಾರಿಗೆ ಆಸ್ತಮಾ ಇದೆ, ಯಾರು ಮನೆಗೆ ಒಬ್ಬನೇ ದುಡಿಯುವವನು, ಯಾರಿಗೆ ಆರೋಗ್ಯ ವಿಮೆ ಇದೆ, ಇದನ್ನು ಕೇಳಿ ಬರೆದಿಟ್ಟುಕೊಳ್ಳಲು ಹದಿನೈದು ನಿಮಿಷ ಸಾಕಿತ್ತು. ಕೇಳಲಿಲ್ಲ. ಹತ್ತನೇ ಹೆಣ ಹೂತ ಮೇಲೆ ಒಬ್ಬನಿಗೆ ನಿದ್ದೆ ಬರುವುದು ನಿಂತಿತು. ಅವನು ಹೇಳಿದ್ದು ಸಾವಿನ ಭಯದ ಬಗ್ಗೆ ಅಲ್ಲ. ಪಿಪಿಇ ತೆಗೆದು ಸುಡುವಾಗ ಬರುವ ಪ್ಲಾಸ್ಟಿಕ್ ವಾಸನೆ ಊಟದ ತಟ್ಟೆಯಲ್ಲೂ ಬರುತ್ತದೆ ಎಂದು. ನಾವು ಅವನಿಗೆ ಏನು ಕೊಟ್ಟೆವು ಗೊತ್ತಾ? 2022ರ ಗಣರಾಜ್ಯೋತ್ಸವಕ್ಕೆ ಒಂದು ಶಾಲು, ಒಂದು ಫಲಕ. 'ಕೊರೋನಾ ವಾರಿಯರ್'. ಅವನು ಫಲಕ ತೆಗೆದುಕೊಂಡು ಹೋದ, ನಗುತ್ತಾ ಫೋಟೊಗೂ ನಿಂತ. ಆಮೇಲೆ ಹಬ್ಬಕ್ಕೆ ಬಿಟ್ಟರೆ ಚರ್ಚಿಗೆ ಬಂದದ್ದು ಕಾಣೆ.

ಸೇವೆ ಬೇಡ ಎಂದು ನಾನು ಹೇಳುತ್ತಿಲ್ಲ. ಕೆಲಸ ಹೋಗಿ ಮನೆಯಲ್ಲಿ ಸುಮ್ಮನೆ ಕೂತವನಿಗೆ ಕಿಟ್ ಹಂಚುವ ಕೆಲಸ ಸಿಕ್ಕಿದ್ದೇ ಜೀವ ಹಿಡಿದಿಟ್ಟಿತು ಎಂದವರೂ ಇದ್ದಾರೆ. ಅದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಅವನಿಗೆ ಕೆಲಸ ಕೊಟ್ಟ ಮೇಲೆ ಅವನ ಸ್ಥಿತಿಯನ್ನು ಕೇಳಬೇಕಾಗಿಲ್ಲ ಎಂದು ನಾವು ಅಂದುಕೊಂಡೆವಲ್ಲ, ಅಲ್ಲಿ ಎಡವಿದೆವು. ಇನ್ನೊಂದು ವಿಚಿತ್ರವೂ ನಡೆಯಿತು. ಕಿಟ್ ಹಂಚಿದ ಹುಡುಗರಲ್ಲಿ ಇಬ್ಬರ ಮನೆಗೇ ಕಿಟ್ ಬೇಕಾಗಿತ್ತು. ಕೇಳಲಿಲ್ಲ. ಹೇಗೆ ಕೇಳುತ್ತಾರೆ? ಆರ್‌ಸಿಸಿ ಮನೆ, ಗೇಟು, ಗೋಡೆಗೆ ಏಸಿ. ಮನೆಯ ಸಾಲ, ಬೈಕಿನ ಸಾಲ ಎರಡೂ ನಡೆಯುತ್ತಿದ್ದದ್ದು ಮಗನ ಸಂಬಳದಲ್ಲಿ. ರಿಸರ್ವ್ ಬ್ಯಾಂಕ್ ಕಂತು ಮುಂದೂಡಲು ಆಗಸ್ಟ್ 31ರವರೆಗೆ ಅವಕಾಶ ಕೊಟ್ಟಿತ್ತು, ಬಡ್ಡಿ ಮಾತ್ರ ಓಡುತ್ತಲೇ ಇತ್ತು. ಸಂತ ವಿನ್ಸೆಂಟ್ ಪಾವ್ಲ್ ಸಭೆಯವರು ಬಡವರ ಮನೆ ಹುಡುಕುತ್ತಾರೆ. ಇಂಥ ಮನೆ ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಇಲ್ಲಿ ಬೇಕಾದದ್ದು ಅಕ್ಕಿಯಲ್ಲ. ಹತ್ತು ಹದಿನೈದು ಸಾವಿರ ರೂಪಾಯಿಯ ಬಡ್ಡಿಯಿಲ್ಲದ ಕೈಸಾಲ, ಯಾರಿಗೂ ಗೊತ್ತಾಗದ ಹಾಗೆ. ಸೆಮಿಸ್ಟರ್ ಫೀಸು ನೇರ ಕಾಲೇಜಿಗೆ ಕಟ್ಟುವುದು. ಚರ್ಚಿನಲ್ಲೇ ಇರುವ ನಾಲ್ಕು ವ್ಯಾಪಾರಸ್ಥರು, ಇಬ್ಬರು ಚಾರ್ಟರ್ಡ್ ಅಕೌಂಟೆಂಟರು, ಒಬ್ಬ ಗ್ಯಾರೇಜಿನವನು ಸೇರಿ 'ನಮ್ಮಲ್ಲಿ ಆರು ತಿಂಗಳಿಗೆ ಇಂಥ ಕೆಲಸ ಇದೆ' ಎಂದು ಹೇಳುವುದು. 1912ರಲ್ಲೇ ಮಂಗಳೂರಿನಲ್ಲಿ ಕಥೋಲಿಕರು ತಮ್ಮದೇ ಸಹಕಾರಿ ಬ್ಯಾಂಕ್ ಕಟ್ಟಿದ್ದಾರೆ. ಸಾಲಕ್ಕೆ ಒಬ್ಬರಿಗೊಬ್ಬರು ನಿಲ್ಲುವುದು ಈ ಸಮುದಾಯಕ್ಕೆ ಗೊತ್ತಿಲ್ಲದ ವಿದ್ಯೆಯಲ್ಲ. ನಮ್ಮ ಚರ್ಚಿನಲ್ಲಿ 2021ರ ಕೊನೆಗೆ ಇಂಥದ್ದೊಂದು ಸಣ್ಣ ನಿಧಿ ಶುರುವಾಯಿತು. ಅರ್ಜಿ ಫಾರ್ಮ್ ಇಲ್ಲ, ಇಬ್ಬರಿಗೆ ಮಾತ್ರ ಹೆಸರು ಗೊತ್ತು. ಒಂದೂವರೆ ವರ್ಷ ತಡವಾಗಿ ಶುರುವಾಯಿತು ಎನ್ನುವುದು ಬೇರೆ ಮಾತು.

ಆನ್‌ಲೈನ್ ಕಾರ್ಯಕ್ರಮಗಳ ಬಗ್ಗೆ. ಜೂಮ್ ಜಪಸರ, ಜೂಮ್ ಬೈಬಲ್ ಕ್ವಿಜ್, ಜೂಮ್ ಗಾಯನ ಸ್ಪರ್ಧೆ. ಮೊದಲ ವಾರ 60 ಜನ, ಆರನೇ ವಾರ ಒಂಬತ್ತು, ಅದರಲ್ಲಿ ಮೂವರು ನಾವೇ ಸಂಘಟಕರು. ಯುವಕರಿಗೆ ಭಕ್ತಿ ಇಲ್ಲ ಎಂದರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಅದೇ ಪರದೆಯಲ್ಲಿ ಕ್ಲಾಸ್ ಕೇಳಿದವನಿಗೆ ಮತ್ತೆ ಏಳು ಗಂಟೆಗೆ ಅದೇ ಪರದೆಯ ಮುಂದೆ ಬಾ ಎಂದರೆ? ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇದ್ದು ತಂಗಿಗೂ ಕ್ಲಾಸ್ ಇದ್ದರೆ? ಅದೂ ನೆಟ್‌ವರ್ಕ್ ಇದ್ದ ಕಡೆಯ ಮಾತು. 2021ರ ಜೂನಿನ ಮಳೆಯಲ್ಲಿ ಸುಳ್ಯ ತಾಲ್ಲೂಕಿನಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಕ್ಲಾಸ್ ಕೇಳುವ ಹುಡುಗಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೊ ಇಡೀ ರಾಜ್ಯ ನೋಡಿತು. ಘಟ್ಟದ ಬುಡದ ನಮ್ಮ ಎಷ್ಟೋ ಚರ್ಚುಗಳ ವಾಳೆಗಳಲ್ಲಿ ಪರಿಸ್ಥಿತಿ ಅದೇ. ಚರ್ಚಿನ ಹಾಲ್ ಖಾಲಿ ಬಿದ್ದಿತ್ತು. ಬ್ರಾಡ್‌ಬ್ಯಾಂಡ್ ಇತ್ತು, ಲೈವ್ ಪೂಜೆಗೆಂದು ಹಾಕಿಸಿದ್ದು. ನಿಯಮ ಸಡಿಲಾದ ತಿಂಗಳುಗಳಲ್ಲಿ ಹತ್ತು ಮೇಜು ದೂರ ದೂರ ಹಾಕಿ 'ಇಲ್ಲಿ ಬಂದು ಓದಿ, ಇಂಟರ್ವ್ಯೂ ಕೊಡಿ' ಎಂದಿದ್ದರೆ ಅದು ನೂರು ಕ್ವಿಜ್‌ಗಿಂತ ದೊಡ್ಡ ಸೇವೆ ಆಗುತ್ತಿತ್ತು. ಕೆಲವು ಕಡೆ ಮಾಡಿದರು ಎಂದು ಕೇಳಿದೆ. ನಮ್ಮಲ್ಲಿ ಹಾಲ್ ಕೀಲಿ ಯಾರ ಬಳಿ ಇರಬೇಕು ಎನ್ನುವುದರಲ್ಲೇ ಮಳೆಗಾಲ ಮುಗಿಯಿತು.

ನಿಜವಾಗಿ ಕೆಲಸಕ್ಕೆ ಬಂದದ್ದು ಹಳೇ ಸಾಧನ: ಫೋನ್ ಕರೆ. ಒಬ್ಬರಿಗೊಬ್ಬರು. ಎರಡನೇ ಅಲೆಯ ಹೊತ್ತಿಗೆ ನಮಗೆ ಸ್ವಲ್ಪ ಬುದ್ಧಿ ಬಂದಿತ್ತು. ವಾಳೆಗೊಬ್ಬ ಗುರಿಕಾರ ಇರುತ್ತಾರೆ, ಅವರು ಮನೆಮನೆಗೆ ಹೋಗುತ್ತಾರೆ, ವಿಚಾರಿಸುತ್ತಾರೆ. ಒಳ್ಳೇ ವ್ಯವಸ್ಥೆ. ಆದರೆ ಗುರಿಕಾರರು ಬಂದು ಕೂರುವುದು ಹಾಲಿನಲ್ಲಿ, ಮಾತಾಡುವುದು ಅಪ್ಪ ಅಮ್ಮನ ಜೊತೆ. ಮಗ ಒಳಗಿನ ಕೋಣೆಯಲ್ಲಿರುತ್ತಾನೆ. 'ಅವನು ಆರಾಮಿದ್ದಾನೆ, ವರ್ಕ್ ಫ್ರಮ್ ಹೋಮ್' ಎಂದು ಅಮ್ಮ ಹೇಳುತ್ತಾರೆ. ಅದು ದಾಖಲೆಯಾಗುತ್ತದೆ. ಅದಕ್ಕೆ ನಾವು ಯುವಜನರದ್ದೇ ಬೇರೆ ಪಟ್ಟಿ ಮಾಡಿದೆವು. 63 ಹೆಸರು. 30 ದಾಟಿದ, ಮದುವೆಯಾದ ಹೊಸ ಜೋಡಿಗಳಲ್ಲಿ ಒಂಬತ್ತು ಮಂದಿಯನ್ನು ಆರಿಸಿ ತಲಾ ಏಳು ಹೆಸರು ಕೊಟ್ಟೆವು. ವಾರಕ್ಕೊಂದು ಕರೆ, ಚರ್ಚಿನ ಕೆಲಸದ ಮಾತು ಬಿಲ್ಕುಲ್ ಎತ್ತಬಾರದು ಎನ್ನುವುದೊಂದೇ ನಿಯಮ. ಆ ನಿಯಮ ಪಾಲಿಸುವುದು ಎಷ್ಟು ಕಷ್ಟ ಎಂದು ಅವತ್ತೇ ಗೊತ್ತಾಯಿತು. ಮೂರನೇ ನಿಮಿಷಕ್ಕೆ ನಮಗೆ ಮಾತೇ ಸಿಗುತ್ತಿರಲಿಲ್ಲ.

ಮನಸ್ಸಿನ ವಿಷಯಕ್ಕೆ ಬರೋಣ. ಕೋವಿಡ್‌ನ ಮೊದಲ ವರ್ಷದಲ್ಲಿ ಜಗತ್ತಿನಲ್ಲಿ ಆತಂಕ, ಖಿನ್ನತೆ ಶೇ. 25ರಷ್ಟು ಹೆಚ್ಚಿತು, ಯುವಜನ ಮತ್ತು ಹೆಂಗಸರಿಗೆ ಹೊಡೆತ ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ನಮ್ಮ ದೇಶದ ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲಿ 2020ರಲ್ಲಿ 12,526 ವಿದ್ಯಾರ್ಥಿಗಳು, 2021ರಲ್ಲಿ 13,089 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಸತ್ತರು. ಇದಕ್ಕೆ ಚರ್ಚಿನಲ್ಲಿ ಸಿಗುವ ಮೊದಲ ಉತ್ತರ: 'ಫಾದರ್ ಹತ್ತಿರ ಮಾತಾಡು.' ಫಾದರ್ ಒಳ್ಳೆಯವರೇ ಇರಬಹುದು. ಆದರೆ ಪಾಪನಿವೇದನೆ ಬೇರೆ, ಆಪ್ತಸಲಹೆ ಬೇರೆ. ಒಂದು ಕ್ಷಮೆಗಾಗಿ, ಇನ್ನೊಂದು ಚಿಕಿತ್ಸೆಗಾಗಿ. ಕೆಲಸ ಹೋದದ್ದು ಪಾಪ ಅಲ್ಲ, ನಿದ್ದೆ ಬಾರದಿರುವುದೂ ಪಾಪ ಅಲ್ಲ. ಅದನ್ನು ಪಾಪನಿವೇದನೆಯ ಪೀಠದಲ್ಲಿ ಹೇಳಬೇಕಾಗಿ ಬಂದರೆ ಹುಡುಗ ಅದನ್ನು ಪಾಪ ಎಂದೇ ತಿಳಿಯುತ್ತಾನೆ. ಮತ್ತೆ ಫಾದರ್ ಅವನ ಅಪ್ಪನಿಗೂ ಪರಿಚಯ, ನಾಳೆ ಮದುವೆ ಪ್ರಸ್ತಾಪ ಬಂದಾಗ ಚರ್ಚಿನ ಪತ್ರ ಕೊಡುವವರೂ ಅವರೇ. 23 ವರ್ಷದ ಹುಡುಗಿ ಒಬ್ಬಳೇ ಫಾದರ್ ಬಂಗಲೆಗೆ ಹೋಗಿ ಒಂದು ಗಂಟೆ ಕೂತು ಅತ್ತು ಬಂದರೆ ಊರು ಏನು ಹೇಳುತ್ತದೆ ಎನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಆಪ್ತಸಲಹೆಗಾರರು ಬೇರೆ ಚರ್ಚಿನವರಾಗಿರಬೇಕು, ತರಬೇತಿ ಪಡೆದವರಾಗಿರಬೇಕು, ಒಬ್ಬರಾದರೂ ಹೆಂಗಸು ಇರಬೇಕು. ಇಷ್ಟು ಮಾಡಲು ಒಂದು ವಲಯದ ಹತ್ತು ಚರ್ಚುಗಳು ಸೇರಿದರೆ ಸಾಕು. 2022ರ ಅಕ್ಟೋಬರಿನಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಚರ್ಚಿನ ನೋಟಿಸ್ ಬೋರ್ಡಿನಲ್ಲಿ ಪೂಜೆಯ ಸಮಯದ ಕೆಳಗೆ ಅದನ್ನು ಬರೆಯಲು ಯಾರ ಅಪ್ಪಣೆಯೂ ಬೇಡ.

ಹಳಬರ ತಲೆಯಲ್ಲಿ ಇನ್ನೂ ಒಂದು ಮಾತು ಉಳಿದಿದೆ: ಆತ್ಮಹತ್ಯೆ ಮಾಡಿಕೊಂಡವರಿಗೆ ಚರ್ಚಿನಲ್ಲಿ ಪೂಜೆ ಇಲ್ಲ, ಮಣ್ಣಿಲ್ಲ. 1917ರ ಚರ್ಚ್ ಕಾನೂನಿನಲ್ಲಿ ಹಾಗಿತ್ತು. 1983ರ ಕಾನೂನಿನಲ್ಲಿ ಆ ಮಾತು ಇಲ್ಲ. ಕಥೋಲಿಕ ಧರ್ಮೋಪದೇಶ ಗ್ರಂಥದ 2282ನೇ ಕಲಂ ಮನಸ್ಸಿನ ತೀವ್ರ ತೊಂದರೆ, ಭಯ, ನೋವು ಇದ್ದಾಗ ಆ ವ್ಯಕ್ತಿಯ ಹೊಣೆ ಕಡಿಮೆಯಾಗುತ್ತದೆ ಎನ್ನುತ್ತದೆ. 2283ನೆಯದು ಅಂಥವರ ರಕ್ಷಣೆಯ ಬಗ್ಗೆ ಆಸೆ ಬಿಡಬೇಡಿ ಎನ್ನುತ್ತದೆ. ಇದನ್ನು ಒಂದು ಭಾನುವಾರದ ಪ್ರವಚನದಲ್ಲಿ ಬಿಡಿಸಿ ಹೇಳಿದ್ದನ್ನು ನಾನು ಇದುವರೆಗೆ ಕೇಳಿಲ್ಲ. ಹೇಳಿದ್ದರೆ ಯಾರೋ ಒಬ್ಬ ತಾಯಿ ಮಗನ ಸಾವಿನ ಕಾರಣ ಮುಚ್ಚಿಡುವ ಭಾರದಿಂದಲಾದರೂ ಪಾರಾಗುತ್ತಿದ್ದಳು.

ನಂಬಿಕೆಯ ಪ್ರಶ್ನೆಗಳೂ ಇದ್ದವು. ಆ ದಿನಗಳಲ್ಲಿ ಹಿರಿಯರು ಕಳಿಸುತ್ತಿದ್ದ ಫಾರ್ವರ್ಡುಗಳಲ್ಲಿ ಅರ್ಧ 'ಇದು ದೇವರ ಶಿಕ್ಷೆ, ನಮ್ಮ ಪಾಪದ ಫಲ' ಎನ್ನುವಂಥವು. ಅಪ್ಪನನ್ನು ಆಕ್ಸಿಜನ್ ಸಿಗದೆ ಕಳೆದುಕೊಂಡ 21 ವರ್ಷದವನು ಅದನ್ನು ಓದುತ್ತಿದ್ದ. ಅದಕ್ಕೆ ಮೊದಲೇ, 2020ರ ಮಾರ್ಚ್ 27ರ ಸಂಜೆ, ಮಳೆಯಲ್ಲಿ ನೆಂದ ಖಾಲಿ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಮಾರ್ಕನ ಸುವಾರ್ತೆಯ ನಾಲ್ಕನೇ ಅಧ್ಯಾಯ ಹಿಡಿದು ಮಾತಾಡಿದ್ದರು, ಬಿರುಗಾಳಿಗೆ ಸಿಕ್ಕ ದೋಣಿಯ ಕಥೆ. ಎಲ್ಲರೂ ಒಂದೇ ದೋಣಿಯಲ್ಲಿದ್ದೇವೆ, ಇದು ದೇವರು ತೀರ್ಪು ಕೊಡುವ ಕಾಲ ಅಲ್ಲ, ಯಾವುದು ಮುಖ್ಯ ಎಂದು ನಾವು ತೀರ್ಮಾನಿಸುವ ಕಾಲ ಎಂದರು. ನಮ್ಮ ಗ್ರೂಪುಗಳಲ್ಲಿ ಅವರ ಫೋಟೊ ಓಡಾಡಿತು. ಮಾತು ಓಡಾಡಲಿಲ್ಲ. ಆ ಕಥೆಯಲ್ಲಿ ಶಿಷ್ಯರು ಯೇಸುವನ್ನು ಎಬ್ಬಿಸಿ 'ನಾವು ಸಾಯುತ್ತಿದ್ದೇವೆ, ನಿನಗೆ ಚಿಂತೆಯೇ ಇಲ್ಲವೇ' ಎಂದು ಕೇಳುತ್ತಾರಲ್ಲ, ಹಾಗೆ ಕೇಳಲು ನಮ್ಮ ಯುವಕರಿಗೆ ಒಂದು ಸಂಜೆ, ಒಂದು ಜಾಗ ಕೊಟ್ಟಿದ್ದರೆ ಸಾಕಾಗಿತ್ತು. ಉತ್ತರ ಕೊಡಬೇಕಾಗಿಯೂ ಇರಲಿಲ್ಲ. ಪ್ರೊಟೆಸ್ಟಂಟರ ಸಿಎಸ್‌ಐ ಸಭೆಯಲ್ಲಿರುವ ನನ್ನ ಗೆಳೆಯ ಅವರ ಯೂತ್ ಫೆಲೋಶಿಪ್ಪಿನ ಕಥೆಯೂ ಇದೇ ಎನ್ನುತ್ತಾನೆ. ಅಲ್ಲಿ ಗಿಟಾರ್ ಇನ್ನೊಂದು ಹೆಚ್ಚಿತ್ತು, ಅಷ್ಟೇ.

2021ರ ಜುಲೈ 5ಕ್ಕೆ ರಾಜ್ಯದಲ್ಲಿ ಪ್ರಾರ್ಥನಾ ಸ್ಥಳಗಳು ಎರಡನೇ ಸಲ ತೆರೆದವು. ಹಿರಿಯರು ಮಾಸ್ಕ್ ಹಾಕಿಕೊಂಡು ಓಡಿ ಬಂದರು. ಮಕ್ಕಳನ್ನು ತಾಯಂದಿರು ಎಳೆದು ತಂದರು. ನಡುವಿನವರು ಬರಲಿಲ್ಲ. 2022ರ ಫೆಬ್ರವರಿಯಲ್ಲಿ ಬ್ರಿಟನ್ ಕೇರ್ ವರ್ಕರ್‌ಗಳಿಗೂ ಆರೋಗ್ಯ ವೀಸಾ ಕೊಡಲು ಶುರು ಮಾಡಿತು. ನಮ್ಮ ಪಟ್ಟಿಯಿಂದ ಅಲ್ಲಿಗೇ ನಾಲ್ಕು ಹೆಸರು ಹೋದವು. ಜರ್ಮನಿಗೆ ಇಬ್ಬರು. ಲಿಸ್ಬನ್ನಿನ ವಿಶ್ವ ಯುವ ದಿನ ಕೋವಿಡ್‌ನಿಂದ ಒಂದು ವರ್ಷ ಮುಂದೆ ಹೋಗಿ 2023ರ ಆಗಸ್ಟಿನಲ್ಲಿ ನಡೆದಾಗ, ಬ್ರಿಟನ್ನಿನಿಂದ ಹೋಗಿದ್ದ ಒಬ್ಬ ಅಲ್ಲಿಂದ ಫೋಟೊ ಕಳಿಸಿದ. ಇಲ್ಲಿದ್ದಾಗ ಕೊನೆಯ ಒಂದು ವರ್ಷ ಚರ್ಚಿನ ಗೇಟು ದಾಟದವನು. ಏನಪ್ಪಾ ವಿಶೇಷ ಎಂದು ಕೇಳಿದೆ. ಅಲ್ಲಿಯ ಚರ್ಚಿನಲ್ಲಿ ಮೊದಲ ಭಾನುವಾರ ಯಾರೋ ಒಬ್ಬಾಕೆ ಬಂದು, ಮನೆ ಸಿಕ್ಕಿತಾ, ಚಳಿಗೆ ಜಾಕೆಟ್ ಇದೆಯಾ ಎಂದು ಕೇಳಿದರಂತೆ.

63 ಹೆಸರಿನ ಆ ನೋಟ್‌ಬುಕ್ ಈಗಲೂ ನನ್ನ ಬಳಿ ಇದೆ. ನೀಲಿ ರಟ್ಟಿನ ಇನ್ನೂರು ಪುಟದ ಪುಸ್ತಕ. ಸಚೇತಕನ ಅವಧಿ ಮುಗಿದಾಗ ಹೊಸಬರಿಗೆ ಕೊಡಲು ಹೋದೆ, ಎಲ್ಲ ಎಕ್ಸೆಲ್‌ನಲ್ಲಿ ಹಾಕಿ ಕಳಿಸಿ ಅಂಕಲ್ ಎಂದರು. ಇನ್ನೂ ಹಾಕಿಲ್ಲ. 11 ಹೆಸರಿನ ಮುಂದೆ ಮದುವೆಯ ತಾರೀಕು ಬರೆದಿದ್ದೇನೆ, 19 ಹೆಸರಿನ ಮುಂದೆ ಬೇರೆ ದೇಶದ ಫೋನ್ ನಂಬರ್. ಈಸ್ಟರ್ ರಾತ್ರಿ ಕ್ಯಾಮೆರಾ ಹಿಡಿದವನದ್ದು 17ನೇ ಪುಟ. ಅವನು ಈಗ ಮೂಡುಬಿದಿರೆ ದಾರಿಯಲ್ಲಿ ಸಣ್ಣ ಕ್ಯಾಟರಿಂಗ್ ನಡೆಸುತ್ತಾನೆ. ಮೊನ್ನೆ ಪಾಲನಾ ಮಂಡಳಿಯಿಂದ ಒಬ್ಬರು ಫೋನ್ ಮಾಡಿ ಅವನ ನಂಬರ್ ಕೇಳಿದರು. ಹಬ್ಬಕ್ಕೆ ಲೈವ್ ಮಾಡಬೇಕಂತೆ, ಅವನೇ ಆದರೆ ಚೆನ್ನಾಗಿ ಮಾಡುತ್ತಾನೆ. ನಂಬರ್ ಕೊಟ್ಟೆ. ಮೊದಲು ವ್ಯಾಪಾರ ಹೇಗಿದೆ ಅಂತ ಕೇಳಿ, ಆಮೇಲೆ ಕ್ಯಾಮೆರಾದ್ದು ಹೇಳಿ ಎಂದೆ. ಸರಿ ಸರಿ ಎಂದು ಫೋನ್ ಇಟ್ಟರು.